ಹನ್ನೆರಡನೇ ಕ್ಲಾಂಪು

ದೋಣಿಯನ್ನು ಸುಮೋ ಗಾಡಿಯ ಮೇಲೆ ಬೋರಲು ಹಾಕಬೇಕೆಂದವನು ಸಿದ್ರಾಮ. ಬಣ್ಣ ಕೆರೆಯದಂತೆ ಬಿಳಿ ಬಟ್ಟೆ ಸುತ್ತಬೇಕೆಂದವನು ನರಸಪ್ಪ. ಚೆಂಡುಹೂವಿನ ಹಾರ ತಂದವಳು ದೇವಕ್ಕ. ಮೂವರೂ ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಮೂವರಲ್ಲಿ ಒಬ್ಬರಾದರೂ ನಾಲ್ಕು ಹೆಜ್ಜೆ ಹಿಂದೆ ಸರಿದು, ಎಲ್ಲ ಸೇರಿ ಅದು ಹೇಗೆ ಕಾಣುತ್ತಿದೆ ಎಂದು ನೋಡಿದ್ದರೆ ಆ ದಿನ ಬೇರೆಯೇ ಆಗುತ್ತಿತ್ತು.

ಪೀಣ್ಯದಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿಯುವುದಕ್ಕೆ ಜಾಗವಾದರೂ ಎಲ್ಲಿದೆ ಹೇಳಿ. ನರಸಪ್ಪನ ಮೂರು ಶೆಡ್ಡುಗಳ ಮುಂದಿನ ಓಣಿಯಲ್ಲಿ ಒಂದು ಕಡೆ ಪೇಂಟಿನ ಡ್ರಮ್ಮುಗಳು, ಇನ್ನೊಂದು ಕಡೆ ಲೇತಿನಿಂದ ಬಿದ್ದ ಕಬ್ಬಿಣದ ಸುರುಳಿಗಳ ರಾಶಿ, ನಡುವೆ ಅವನ ಹದಿನೆಂಟು ವರ್ಷದ ಸುಮೋ. ಎಂಟಡಿ ಉದ್ದದ ಪುಟ್ಟ ಹಾಯಿದೋಣಿ ಮೂರನೇ ಶೆಡ್ಡಿನ ಒಳಗಿಂದ ನಾಲ್ವರ ಹೆಗಲ ಮೇಲೆ ಹೊರಗೆ ಬಂತು.

"ಅಂಗಾತ ಇಟ್ರ ಗಾಳಿ ತುಂಬ್ಕೊಂಡು ಹಾರಿ ಹೋಗ್ತದ್ರೀ ಯಜಮಾನ್ರ," ಎಂದ ಸಿದ್ರಾಮ. ಎರಡನೇ ಶೆಡ್ಡಿನಲ್ಲಿ ಲೇತ್ ಓಡಿಸುವ ಅವನು ಕೃಷ್ಣಾ ನದಿಯ ದಂಡೆಯ ಊರಿನವನು. "ನಮ್ ಕಡಿ ಹರಗೋಲನ್ನ ತಲಿ ಮ್ಯಾಲ ಬೋರಲು ಹಾಕ್ಕೊಂಡೇ ಹೋಗ್ತಾರ."

ದೋಣಿ ಬೋರಲಾಯಿತು. ಅದರ ಹಾಯಿಯನ್ನೇ ಮೇಲೆ ಹೊದಿಸಿದರು. ನಾಗಸಂದ್ರದ ಟೈಲರೊಬ್ಬ, ಇಷ್ಟು ದೊಡ್ಡ ಮೂರು ಮೂಲೆಯ ಬಟ್ಟೆ ಯಾರು ಉಡುತ್ತಾರೆಂದು ಗೊಣಗುತ್ತ ಹೊಲಿದುಕೊಟ್ಟಿದ್ದ ಅಚ್ಚ ಬಿಳಿ ಬಟ್ಟೆ ಅದು. ಹಾಯಿ ಕಟ್ಟುವ ಎರಡು ಹಸಿರು ಬಿದಿರುಗಳನ್ನು ಆಚೆಗೊಂದು ಈಚೆಗೊಂದು ಇಟ್ಟು, ತೆಂಗಿನ ನಾರಿನ ಹಗ್ಗದಿಂದ ಅಡ್ಡಡ್ಡ ಬಿಗಿದರು. ಪಕ್ಕದ ಶೆಡ್ಡಿನಲ್ಲಿ ಪ್ಯಾಕಿಂಗ್ ಮಾಡುವ ದೇವಕ್ಕ ಇಷ್ಟಕ್ಕೇ ಬಿಡುವವಳಲ್ಲ. "ದೋಣಿ ಆದ್ರೂ ಹೊಸಾ ಗಾಡೀನ, ಮೊದಲ್ನೇ ಸಲ ಹೊರಗ ಹೊಂಟದ. ಪೂಜಿ ಮಾಡ್ಲಾರ್ದ ಹ್ಯಾಂಗ ಕಳಸ್ತೀರಿ?" ಎಂದು ಹಾರ ಹಾಕಿ, ಕುಂಕುಮ ಇಟ್ಟು, ಮುಂದಿನ ಬಂಪರಿನ ಸಂದಿಗೆ ಒಂದು ಹಿಡಿ ಊದುಬತ್ತಿ ಸಿಕ್ಕಿಸಿದಳು. ಚಕ್ರದ ಕೆಳಗೆ ನಿಂಬೆಹಣ್ಣು ಚಿಟ್ ಎಂದಿತು. ನರಸಪ್ಪ ಒಬ್ಬನೇ ಹೊರಟ.

ಆ ದೋಣಿ ಮಾಡಿದವನು ಸಿರಿಲ್. ವೈಟ್‌ಫೀಲ್ಡಿನ ಹಳೆಯ ಆಂಗ್ಲೋ-ಇಂಡಿಯನ್ ಮನೆತನದವನು, ಎಪ್ಪತ್ತರ ಹತ್ತಿರದವನು, ಮದುವೆಯಾಗದವನು. ಮೂರನೇ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ಬಾಡಿಗೆಗಿದ್ದ. ಎರಕ ಹೊಯ್ಯುವ ಫೌಂಡ್ರಿಗಳಿಗೆ ಮರದ ಅಚ್ಚು ಮಾಡಿಕೊಡುವುದು ಅವನ ಕಸುಬು. ಕಂಪ್ಯೂಟರಿನ ಯಂತ್ರಗಳು ಬಂದ ಮೇಲೆ ಮರದ ಅಚ್ಚು ಯಾರಿಗೆ ಬೇಕು? ಕೆಲಸ ಇಳಿಯಿತು, ಕೈ ಮಾತ್ರ ಸುಮ್ಮನಿರಲೊಲ್ಲದು. ಚಿಕ್ಕಂದಿನಲ್ಲಿ ಹಲಸೂರು ಕೆರೆಯಲ್ಲಿ ಯಾರೋ ಅವನಿಗೆ ಹಾಯಿದೋಣಿ ನಡೆಸುವುದನ್ನು ಕಲಿಸಿದ್ದರಂತೆ. ನಾಲ್ಕು ವರ್ಷದ ಕೆಳಗೆ ಒಂದು ದಿನ ಪ್ಲೈವುಡ್ ತಂದು ಗೋಡೆಗೆ ಒರಗಿಸಿ, "ನರ್ಸಪ್ಪಾ, ಬೋಟ್ ಮಾಡ್ತೀನಿ ಮ್ಯಾನ್," ಎಂದ.

"ಎಲ್ ಬಿಡ್ತೀಯ? ಪೀಣ್ಯದ್ ಮೋರೀಲಾ?"

"ವರ್ತೂರು ಕೆರೆ."

"ಅಲ್ಲಿ ನೀರೆಲ್ಲೈತೆ, ಬರೀ ಚರಂಡಿ ನೊರೆ ಕಣಯ್ಯ."

"ನೊರೆ ಮೇಲೆ ತೇಲತ್ತೆ. ಇನ್ನೂ ಲೈಟ್."

ನರಸಪ್ಪನಿಗೆ ಅರವತ್ತಾರು. ಈ ಶೆಡ್ಡುಗಳಿರುವ ಜಾಗದಲ್ಲಿ ಅವನಪ್ಪ ರಾಗಿ ಬೆಳೆಯುತ್ತಿದ್ದ. ಈಗ ಬಾಡಿಗೆ, ಕರಾರು, ರಿಪೇರಿ ಎಲ್ಲವನ್ನೂ ಮಗ ಚಿರಂಜೀವಿ ಫೋನಿನಲ್ಲೇ ನೋಡಿಕೊಳ್ಳುತ್ತಾನೆ. ಹೆಂಡತಿ ಹೋಗಿ ಒಂಬತ್ತು ವರ್ಷ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಒಂದೇ ಮನೆಯಲ್ಲಿದ್ದಾರೆ, ಹೊತ್ತುಹೊತ್ತಿಗೆ ಊಟ ಸಿಗುತ್ತದೆ. ಯಾರೂ ಅವನನ್ನು ಬೈಯುವುದಿಲ್ಲ, ಯಾರೂ ಏನನ್ನೂ ಕೇಳುವುದೂ ಇಲ್ಲ. ಮನೆ ತುಂಬ ಜನರಿದ್ದೂ ಮಾತಿಗೆ ಒಬ್ಬರಿಲ್ಲದ ಸಂಕಟ ಅನುಭವಿಸಿದವರಿಗೇ ಗೊತ್ತು. ಅವನು ದಿನಾ ನಾಲ್ಕು ಗಂಟೆಗೆ ಮೂರನೇ ಶೆಡ್ಡಿಗೆ ಹೋಗುತ್ತಿದ್ದ.

ಸಿರಿಲ್ ಹತ್ತಿರ ಹನ್ನೊಂದು ಕ್ಲಾಂಪುಗಳಿದ್ದವು. ಅಂಟು ಒಣಗುವ ತನಕ ಎರಡು ಹಲಗೆಗಳನ್ನು ಕಚ್ಚಿ ಹಿಡಿದುಕೊಳ್ಳುವ ಕಬ್ಬಿಣದ ಹಿಡಿಗಳು. ದೋಣಿಯ ಮೈ ಬಾಗಿಸುವಾಗ ಹನ್ನೊಂದು ಸಾಲದೆ ಯಾವಾಗಲೂ ಒಂದು ಕಡಿಮೆ ಬೀಳುತ್ತಿತ್ತು. ಅಲ್ಲಿ ನರಸಪ್ಪ ನಿಲ್ಲುತ್ತಿದ್ದ. "ಬಿಗಿ ಹಿಡ್ಕೋ," ಎನ್ನುತ್ತಿದ್ದ ಸಿರಿಲ್. ನರಸಪ್ಪ ಹಿಡಿಯುತ್ತಿದ್ದ. "ಈಗ ಬಿಡು," ಎಂದ ಮೇಲೆಯೇ ಬಿಡಬೇಕು. ಒಂದು ಸಲ ಸಿರಿಲ್ ಹೊರಗೆ ಯಾರ ಜೊತೆಗೋ ಮಾತಿಗೆ ನಿಂತು ಮರೆತೇಬಿಟ್ಟ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ನರಸಪ್ಪ ಹಲಗೆಗೆ ಹೆಗಲು ಕೊಟ್ಟುಕೊಂಡು ಹಾಗೇ ನಿಂತಿದ್ದಾನೆ. "ಮೈ ಗಾಡ್, ಬಿಡೋದಲ್ವಾ ಮ್ಯಾನ್!" ಎಂದರೆ, "ನೀನ್ ಬಿಡು ಅನ್ಲಿಲ್ವಲ್ಲ," ಎಂದ. ಸಿರಿಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಂದಿನಿಂದ ನರಸಪ್ಪ ಅವನಿಗೆ ಹನ್ನೆರಡನೇ ಕ್ಲಾಂಪು.

ಹೆಚ್ಚು ಮಾತೇನೂ ಇರಲಿಲ್ಲ. ಇವನಿಗೆ ಇಂಗ್ಲಿಷ್ ಬಾರದು, ಅವನ ಕನ್ನಡ ಅರ್ಧ ದಾರಿಗೆ ನಿಲ್ಲುತ್ತಿತ್ತು. ಒಬ್ಬ ಉಜ್ಜುತ್ತಿದ್ದ, ಒಬ್ಬ ಹಿಡಿಯುತ್ತಿದ್ದ, ನಡುವೆ ಟೀ. ಐದೂವರೆಗೆ ಸಿರಿಲ್ ಮೆಟ್ರೋ ಹತ್ತಿ ಊರಿನ ಆ ತುದಿಗೆ ಹೋಗುತ್ತಿದ್ದ.

ಕಡೆಯ ಕೋಟು ನೀಲಿ ಬಣ್ಣ ಬಳಿದದ್ದು ಒಂದು ಶನಿವಾರ. ಸೋಮವಾರ ಸಿರಿಲ್ ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನ್ ಸ್ವಿಚ್ ಆಫ್. ಮನೆ ಎಲ್ಲಿ ಎಂದು ಹತ್ತೊಂಬತ್ತು ವರ್ಷದಲ್ಲಿ ನರಸಪ್ಪ ಕೇಳಿರಲಿಲ್ಲ. ತಾನಾಗಿ ಬರುವವನ ಮನೆ ವಿಳಾಸ ಯಾಕೆ ಬೇಕು? ದಿನಾ ನಾಲ್ಕಕ್ಕೆ ತನ್ನ ಬೀಗದ ಕೈಯಿಂದ ಶೆಡ್ ತೆಗೆದು, ಸ್ಟೂಲಿನ ಮೇಲೆ ಕೂತು, ಐದೂವರೆಗೆ ಬಾಗಿಲು ಹಾಕಿಕೊಂಡು ಬರುತ್ತಿದ್ದ.

ಇಪ್ಪತ್ತನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಚಿರಂಜೀವಿ ಹೇಳಿದ. "ಅಪ್ಪಾ, ಮೂರನೇ ಶೆಡ್ ಖಾಲಿ ಆಗ್ತಿದೆ. ಆ ಮುದುಕ್ರು ತೀರ್ಕೊಂಡ್ರಂತೆ. ಕರಾರಲ್ಲಿ ನನ್ ನಂಬರ್ ನೋಡ್ಕೊಂಡು ಅವರಕ್ಕ ಫೋನ್ ಮಾಡಿದ್ರು."

ಮುರಿದ ಮುದ್ದೆ ನರಸಪ್ಪನ ಕೈಯಲ್ಲೇ ಉಳಿಯಿತು. "ಮಣ್ಣು ಯಾವಾಗಂತೆ?"

"ಆಗ್ಲೇ ಆಗೋಯ್ತಲ್ಲಪ್ಪ. ಇಪ್ಪತ್ತು ದಿನದ ಮೇಲಾಯ್ತು."

ನರಸಪ್ಪ ಎದ್ದು ಬಚ್ಚಲಿಗೆ ಹೋಗಿ ತಲೆ ಮೇಲೆ ತಣ್ಣೀರು ಸುರಿದುಕೊಂಡ. ದೂರದಲ್ಲಿ ಸತ್ತ ನೆಂಟರ ಸುದ್ದಿ ತಡವಾಗಿ ಬಂದರೂ ಹಾಗೇ ಮಾಡುವುದು. ಒದ್ದೆ ತಲೆ ಕಂಡು ಸೊಸೆ ದಿವ್ಯಾಗೆ ಗಾಬರಿ. "ಯಾಕ್ ಮಾವ ಈ ಹೊತ್ತಲ್ಲಿ ತಲೆಗೆ ನೀರು? ಅವ್ರು ನಮ್ಗೆ ಏನಾಗ್ಬೇಕು? ಬಾಡಿಗೆಗಿದ್ದೋರಲ್ವಾ?" ಅವಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮಾವನಿಗೆ ನೆಗಡಿಯಾದೀತೆಂದು ಕೇಳಿದ್ದು. ನರಸಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಏನಾಗಬೇಕು? ಭಾವನಲ್ಲ, ಬೀಗನಲ್ಲ, ಊರಿನವನೂ ಅಲ್ಲ, ಜಾತಿಯವನಂತೂ ಅಲ್ಲವೇ ಅಲ್ಲ.

ಹಳೇ ಜಗಳವಿದ್ದವರು ಕೂಡ ಮಣ್ಣಿಗೆ ಹೋಗುತ್ತಾರೆ, ಒಂದು ಹಿಡಿ ಮಣ್ಣು ಹಾಕಿ ಬರುತ್ತಾರೆ. ತನಗೆ ಅಷ್ಟೂ ಸಿಗಲಿಲ್ಲವಲ್ಲ ಎಂದು ನರಸಪ್ಪನಿಗೆ ಅನ್ನ ಇಳಿಯದಾಯಿತು. ಒಂದು ಮಾತು ಹೇಳಿಕಳಿಸಲು ಸಿರಿಲ್ ಮನೆಯವರಿಗೆ ತನ್ನ ನೆನಪೂ ಇರಲಿಲ್ಲ ಎಂದು ಅದಕ್ಕಿಂತ ಹೆಚ್ಚು ನೋವಾಯಿತು. ನಾಲ್ಕು ವರ್ಷ ಸಿರಿಲ್‌ಗೆ ತಾನು ಯಾರಾಗಿದ್ದೆ? ಶೆಡ್ಡಿನ ಓನರು, ಅಷ್ಟೇನಾ?

"ಆ ದೋಣೀನ ಗುಜರಿಗೆ ಹಾಕ್ಬಿಡೋಣ," ಎಂದ ಚಿರಂಜೀವಿ.

"ಅದುಕ್ ಕೈ ಇಕ್ಕುದ್ರೆ ನೋಡು!" ಆ ದನಿ ಕೇಳಿ ಮೊಮ್ಮಕ್ಕಳು ಕೂಡ ಫೋನಿನಿಂದ ತಲೆ ಎತ್ತಿದರು. "ನಾನೇ ಓಗಿ ಅವ್ರ್ ಮನೇಗ್ ಮುಟ್ಟಿಸ್ ಬತ್ತೀನಿ."

ಸಿರಿಲ್ ಅಕ್ಕನಿಗೆ ಫೋನ್ ಮಾಡಿ ವಿಳಾಸ ಕೇಳಿಕೊಟ್ಟವನು ಚಿರಂಜೀವಿಯೇ. ಹೀಗೆ ದೋಣಿ ಸುಮೋ ಏರಿದ್ದು.

ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಹಾಡು ನಿಲ್ಲಿಸಿ ಎದೆ ಮುಟ್ಟಿಕೊಂಡ. ಹತ್ತಿರದಲ್ಲಿ ದೇವಸ್ಥಾನ ಇರಬೇಕು ಎಂದುಕೊಂಡ ನರಸಪ್ಪ. ಮುಂದೆ ಬೈಕಿನ ಮೇಲಿದ್ದ ಹೆಂಗಸು ಸೆರಗು ಹೊದ್ದು ಕೈ ಮುಗಿದಳು. ರಿಂಗ್ ರಸ್ತೆಗೆ ತಿರುಗುವಲ್ಲಿ ಸಿಟಿ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿ, ಹೋಗಿ ಎಂದು ಕೈ ಮಾಡಿದ. ಬೆಂಗಳೂರಿನಲ್ಲಿ ಬಸ್ಸು ದಾರಿ ಬಿಡುವುದೆಂದರೆ ಸಾಮಾನ್ಯ ಮಾತಲ್ಲ. ನರಸಪ್ಪನಿಗೆ ಒಳಗೊಳಗೇ ಹೆಮ್ಮೆ ಉಕ್ಕಿತು. ಎಂಥ ಕೆಲಸಗಾರನಯ್ಯ ನೀನು, ದೋಣಿ ಬೋರಲು ಬಿದ್ದಿದ್ದರೂ ಜನ ನಿಂತು ನೋಡುತ್ತಾರಲ್ಲ!

ಹೆಬ್ಬಾಳದ ಹತ್ತಿರ ಟ್ರಾಫಿಕ್ ಪೊಲೀಸಿನವನು ಗಾಡಿ ಪಕ್ಕಕ್ಕೆ ಹಾಕಿಸಿದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ. ದನಿ ಬಹಳ ಮೆತ್ತಗಿತ್ತು.

"ಊರಿಗ್ ತಗೊಂಡ್ ಹೋಗ್ತಿದ್ದೀರಾ ಯಜಮಾನ್ರೇ?"

"ಊಂ ಸಾರ್. ವೈಟ್‌ಫೀಲ್ಡ್‌ಗೆ."

"ನಿಮ್ ಕಷ್ಟ ಅರ್ಥ ಆಗುತ್ತೆ. ಆದ್ರೆ ಹೀಗೆ ಗಾಡಿ ಮೇಲೆ ಕಟ್ಕೊಂಡ್ ಹೋಗೋ ಹಾಗಿಲ್ಲ, ಆಂಬುಲೆನ್ಸ್ ಮಾಡ್ಬೇಕಿತ್ತು. ಡೆತ್ ಸರ್ಟಿಫಿಕೇಟ್ ಆದ್ರೂ ಇದ್ಯಾ?"

"ಯಾರ್ದು ಸಾರ್?"

"ಮೇಲ್ ಮಲ್ಗಿರೋರ್ದು."

ನರಸಪ್ಪ ಕೆಳಗಿಳಿದ. ನಾಲ್ಕು ಹೆಜ್ಜೆ ಹಿಂದೆ ಸರಿದು ತನ್ನ ಗಾಡಿಯನ್ನು ತಾನೇ ನೋಡಿದ. ಎರಡು ಹಸಿ ಬಿದಿರು. ಅಡ್ಡಡ್ಡ ಬಿಗಿದ ತೆಂಗಿನ ಹಗ್ಗ. ನಡುವೆ ಅಚ್ಚ ಬಿಳಿ ಬಟ್ಟೆ ಹೊದ್ದು ಉಬ್ಬಿಕೊಂಡಿರುವ ಆಳುದ್ದದ ಆಕಾರ. ಮೇಲೆ ಚೆಂಡುಹೂವಿನ ಹಾರ, ಕುಂಕುಮ. ಮುಂದೆ ಇನ್ನೂ ಹೊಗೆಯಾಡುತ್ತಿರುವ ಊದುಬತ್ತಿ.

"ಸಾರ್... ಅದು ದೋಣಿ."

ಪೊಲೀಸಿನವನು ಬಟ್ಟೆಯ ಅಂಚು ಎತ್ತಿ, ನೀಲಿ ಬಣ್ಣದ ಮೇಲೆ ಬೆರಳಿನಿಂದ ಕುಟ್ಟಿ ನೋಡಿದ. ಟಕ್ ಟಕ್ ಎಂದಿತು. ಟೋಪಿ ತಲೆಗೆ ವಾಪಸು ಹೋಯಿತು. "ಏನ್ರೀ ನೀವು! ಮುಂದಿನ್ ಸಿಗ್ನಲ್‌ಗೆಲ್ಲ ದಾರಿ ಬಿಡಿ ಅಂತ ವೈರ್‌ಲೆಸ್ಸಲ್ಲಿ ಹೇಳ್ಬಿಟ್ಟಿದ್ದೀನಲ್ರೀ. ಮೊದ್ಲು ಆ ಹೂವು, ಬಟ್ಟೆ ತೆಗೀರಿ, ಜನ ತಪ್ಪು ತಿಳ್ಕೊತಾರೆ." ನಗು ತಡೆಯಲಾರದೆ ಅತ್ತ ತಿರುಗಿದ.

ತೆಗೆಯುತ್ತೇನೆ ಎಂದು ಒಪ್ಪಿ ನರಸಪ್ಪ ಮೇಲ್ಸೇತುವೆ ದಾಟಿ ಸರ್ವಿಸ್ ರಸ್ತೆಯಲ್ಲಿ ನಿಲ್ಲಿಸಿದ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಬಾಗಿಲ ಮೆಟ್ಟಿಲ ಮೇಲೆ ಹತ್ತಿ ಹಾರಕ್ಕೆ ಕೈ ಹಾಕಿದ. ಅಷ್ಟರಲ್ಲಿ ಅಲ್ಲಿ ರಸ್ತೆ ಗುಡಿಸುತ್ತಿದ್ದ ಹೆಂಗಸು ಪೊರಕೆ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಹತ್ತಿರ ಬಂದು ಕೈ ಮುಗಿದಳು. "ಒಳ್ಳೇ ಜಾಗಕ್ಕೆ ಹೋಗಪ್ಪಾ," ಎಂದಳು, ದೋಣಿಯ ಕಡೆ ನೋಡಿ. ಆಮೇಲೆ ನರಸಪ್ಪನನ್ನು ಕೇಳಿದಳು. "ಏನಾಗ್ಬೇಕಿತ್ತಣ್ಣಾ ನಿಮ್ಗೆ?"

ಅದೇ ಪ್ರಶ್ನೆ. ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸು ನಡು ರಸ್ತೆಯಲ್ಲಿ ಕೇಳುತ್ತಿದ್ದಾಳೆ, ಉತ್ತರಕ್ಕೆ ಕಾಯುತ್ತಿದ್ದಾಳೆ.

"ನಮ್ಮೋನು ಕಣಮ್ಮ," ಎಂದ ನರಸಪ್ಪ. "ನಮ್ಮೋನು." ಸುದ್ದಿ ಕೇಳಿದಾಗಲೂ ಬಾರದ ಅಳು ಆ ಸರ್ವಿಸ್ ರಸ್ತೆಯಲ್ಲಿ, ಲಾರಿಗಳ ಸದ್ದಿನಲ್ಲಿ ಬಂತು. ಅವನು ಅತ್ತು ಮುಗಿಸುವ ತನಕ ಅವಳು ಅಲ್ಲೇ ಇದ್ದು, ಪೊರಕೆ ಎತ್ತಿಕೊಂಡು ಹೋದಳು.

ಹಾರ ತೆಗೆಯಲಿಲ್ಲ. ಬಟ್ಟೆಯೂ ತೆಗೆಯಲಿಲ್ಲ. ಇದು ಮೋಸ ಎನ್ನುವವರು ಎನ್ನಲಿ. ಸಿರಿಲ್ ಸತ್ತದ್ದಂತೂ ನಿಜ, ಜನ ಕೈ ಮುಗಿದದ್ದೂ ನಿಜ. ನಡುವೆ ಒಂದು ತಿಂಗಳು ತಡವಾಯಿತು ಅಷ್ಟೇ.

ಅಲ್ಲಿಂದ ಮುಂದೆ ನರಸಪ್ಪ ನಾಲ್ಕೂ ಕಡೆಯ ದೀಪ ಮಿನುಗಿಸಿಕೊಂಡು, ಎರಡನೇ ಗೇರಿನಲ್ಲೇ ನಡೆಸಿದ. ನಾಗವಾರ, ಹೆಣ್ಣೂರು, ಟಿನ್ ಫ್ಯಾಕ್ಟರಿ. ಹಿಂದೆ ಹಾರನ್ ಹೊಡೆಯುತ್ತ ಬಂದವರು ಹತ್ತಿರವಾಗುತ್ತಲೇ ಸುಮ್ಮನಾಗುತ್ತಿದ್ದರು. ಮಹದೇವಪುರದ ಗಾಜಿನ ಕಟ್ಟಡಗಳ ಕೆಳಗೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯೊಬ್ಬಳು ಕಿವಿಯಿಂದ ಇಯರ್‌ಫೋನ್ ತೆಗೆದು, ಗಾಡಿ ದಾಟುವ ತನಕ ತಲೆ ತಗ್ಗಿಸಿ ನಿಂತಳು. ಕ್ಯಾಬಿನವರು ದಾರಿ ಬಿಟ್ಟರು. "ನೋಡಯ್ಯಾ ಸಿರಿಲ್," ಎಂದ ನರಸಪ್ಪ ಗಟ್ಟಿಯಾಗಿಯೇ, "ನೋಡ್ಕೋ." ಪಕ್ಕದ ಸೀಟು ಖಾಲಿಯಿತ್ತು.

ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿದ್ದ ಹೆಂಚಿನ ಮನೆ. ಗೇಟಿಗೆ ಬಂದವರು ಸಿರಿಲ್‌ನ ಅಕ್ಕ ಮೌರೀನ್. ಬೆಳ್ಳಗೆ ಕೂದಲು, ಗೌನು, ಕೈಯಲ್ಲಿ ಊರುಗೋಲು. ನರಸಪ್ಪ ಕೈ ಮುಗಿದು, "ಪೀಣ್ಯ ಮೇಡಂ. ಶೆಡ್ ಓನರು," ಎಂದ.

"ಹಾಂ, ಚಿರಂಜೀವಿ ಫಾದರ್. ಥ್ಯಾಂಕ್ಯೂ, ತೊಂದ್ರೆ ಆಯ್ತು ನಿಮ್ಗೆ." ಮರ್ಯಾದೆಯ ಮಾತೇ. ಕೊರಿಯರ್ ತಂದವನಿಗೂ ಅವರು ಹಾಗೇ ಹೇಳುತ್ತಿದ್ದರು. ಗಿಡಗಳಿಗೆ ನೀರು ಹಾಕುತ್ತಿದ್ದ ರಾಮಾಂಜಿನಪ್ಪನನ್ನು ಕರೆದು ಇಳಿಸಲು ಹೇಳಿದರು. ಅಷ್ಟೇನಾ ಎಂದುಕೊಂಡ ನರಸಪ್ಪ. ದಾರಿಯುದ್ದಕ್ಕೂ ಯಾರು ಯಾರೋ ಕೊಟ್ಟದ್ದು ಈ ಗೇಟಿನಲ್ಲಿ ಸಿಗಲಿಲ್ಲ.

ಹಾರವನ್ನೂ ಬಟ್ಟೆಯನ್ನೂ ತೆಗೆದು ಸೀಟಿನ ಮೇಲಿಟ್ಟು ಹಗ್ಗ ಬಿಚ್ಚಿದರು. ದೋಣಿ ಒಂದು ಕಡೆ ಜಾರತೊಡಗಿತು. ನರಸಪ್ಪ ಹೆಗಲು ಕೊಟ್ಟು, ಎರಡೂ ಕೈಯಿಂದ ಅಂಚು ಹಿಡಿದು ನಿಂತ. "ಇಬ್ರಿಗಾಗಲ್ಲ, ಪಕ್ಕದ್ ಮನೆಯಿಂದ ಯಾರ್ನಾದ್ರೂ ಕರ್ಕೊಂಡ್ ಬತ್ತೀನಿ," ಎಂದು ರಾಮಾಂಜಿನಪ್ಪ ಹೋದ. ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನರಸಪ್ಪ ಅಲುಗಾಡಲಿಲ್ಲ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಕೆನ್ನೆ ದೋಣಿಗೆ ಒತ್ತಿ, ಕಣ್ಣು ಮುಚ್ಚಿ, ಪೀಣ್ಯದ ಶೆಡ್ಡಿನಲ್ಲಿ ನಿಲ್ಲುತ್ತಿದ್ದ ಹಾಗೇ ನಿಂತಿದ್ದ.

ಮೌರೀನ್ ಜಗುಲಿಯಿಂದ ನೋಡುತ್ತಿದ್ದರು. ಊರುಗೋಲು ಊರಿಕೊಂಡು ಮೆಲ್ಲಗೆ ಹತ್ತಿರ ಬಂದರು.

"ನೀನು... ಟ್ವೆಲ್ತ್ ಕ್ಲಾಂಪಾ?"

ನರಸಪ್ಪ ಕಣ್ಣು ತೆರೆದ. ಹೌದೆಂದು ತಲೆಯಾಡಿಸಿದ.

"ದಿನಾ ಊಟಕ್ಕೆ ಕೂತ್ರೆ ಅದೇ ಮಾತು," ಎಂದರು ಮೌರೀನ್. "ಬಿಡು ಅನ್ನೋ ತನಕ ಹಿಡಿದಿದ್ದು ಬಿಡಲ್ಲ ಅಂತ. ಇವತ್ತು ಟ್ವೆಲ್ತ್ ಕ್ಲಾಂಪ್‌ಗೆ ನೆಗಡಿ. ಇವತ್ತು ಟ್ವೆಲ್ತ್ ಕ್ಲಾಂಪ್ ಹಲಸಿನ್ ಹಣ್ಣು ಕೊಟ್ಟ. ಕೆಲಸ್ದೋನು ಯಾರೋ ಇರ್ಬೇಕು ಅಂತ ನಾನು. ಹೆಸರು ಒಂದಿನಾನೂ ಹೇಳ್ಲಿಲ್ಲ." ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಅವ್ನು ತೀರ್ಕೊಂಡ್ ದಿನ ಫೋನಲ್ಲಿ ಇದ್ದೋರಿಗೆಲ್ಲ ಹೇಳ್ದೆ. ಬರೀ ಹನ್ನೆರಡು ಅಂತ ಒಂದ್ ನಂಬರ್ ಇತ್ತು. ಯಾವ್ದೋ ಅಂಗಡಿ ಅಂತ ಬಿಟ್ಬಿಟ್ಟೆ. ನಂಗೆ ಹೊಳೀಲೇ ಇಲ್ಲ."

"ಮಣ್ಣಿಗೆ ಎಷ್ಟ್ ಜನ ಬಂದಿದ್ರು ಮೇಡಂ?"

"ಆರು. ಚರ್ಚ್ ಫಾದರ್ ಸೇರಿ. ಮಳೆ ಆವತ್ತು."

"ಇವತ್ತು ಬಂದಿದ್ರು," ಎಂದ ನರಸಪ್ಪ. "ಪೀಣ್ಯದಿಂದ ಇಲ್ಲೀಗಂಟ."

ಮೌರೀನ್‌ಗೆ ಅರ್ಥವಾಗಲಿಲ್ಲ. ದೋಣಿಯನ್ನು ಮಾವಿನ ಮರದ ಕೆಳಗೆ ಇಳಿಸಿಯಾದ ಮೇಲೆ ಅವರೇ ಅವನನ್ನು ಎರಡು ಬೀದಿ ಆಚೆಯ ಸ್ಮಶಾನಕ್ಕೆ ಕರೆದುಕೊಂಡು ಹೋದರು. ಕಲ್ಲು ಇನ್ನೂ ಇಟ್ಟಿರಲಿಲ್ಲ. ಮರದ ಶಿಲುಬೆ, ಕುಸಿದ ಕೆಂಪು ಮಣ್ಣು, ಅಲ್ಲಲ್ಲಿ ಹುಲ್ಲಿನ ಮೊಳಕೆ. ನರಸಪ್ಪ ಚಪ್ಪಲಿ ಬಿಟ್ಟು, ದೋಣಿಯ ಹಾರವನ್ನು ಅಲ್ಲಿಟ್ಟ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಕೈ ಮುಂದೆ ಚಾಚಿದ.

ಹಿಂದೆ ಮೌರೀನ್ ಕಾದರು. ಕಾಂಪೌಂಡಿನಾಚೆ ಆಫೀಸಿನ ಬಸ್ಸುಗಳು ಹೋದವು, ಮತ್ತೆ ಹೋದವು. ನರಸಪ್ಪ ಮುಷ್ಟಿ ಬಿಗಿ ಹಿಡಿದೇ ನಿಂತಿದ್ದ. ಈಗ ಬಿಡು ಎಂದು ಯಾರೂ ಹೇಳಲಿಲ್ಲ.